ಪಾಠ ಓದ್ತಾರೆ, ಎರಡು ಸಾಲಿನ ಲೆಕ್ಕ ಓದೋಕೆ ತಡಬಡಾಯಿಸ್ತಾರೆ. ಏನು ಮಾಡಲಿ?

ಚಳ್ಳಕೆರೆ ಟೀಚರ್:

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಗಣಿತ, ಪರಿಸರ ಅಧ್ಯಯನ ತಗೊಳ್ಳುತ್ತೇನೆ. ಮಕ್ಕಳು ಕನ್ನಡ ಪಾಠವನ್ನು ಚೆನ್ನಾಗೇ ಓದುತ್ತಾರೆ. ಪದ್ಯವಾದರೆ ರಾಗ ಬೇರೆ. ಆದರೆ ಗಣಿತದಲ್ಲಿ ಎರಡು ಸಾಲಿನ ಲೆಕ್ಕ ಬಂದರೆ ಸಾಕು, ಓದಿ ಮುಗಿಸಿ ನನ್ನ ಮುಖ ನೋಡುತ್ತಾರೆ. "ಮಿಸ್, ಕೂಡೋದಾ, ಕಳೆಯೋದಾ?"

ಪರಿಸರ ಅಧ್ಯಯನದ್ದು ಇನ್ನೊಂದು ಥರ. ಪ್ರಶ್ನೆಯಲ್ಲಿರುವ ಒಂದು ಪದವನ್ನು ಪಾಠದಲ್ಲಿ ಹುಡುಕಿ, ಅದಿರುವ ಸಾಲನ್ನು ಹಾಗೇ ಇಳಿಸುತ್ತಾರೆ. ಎಷ್ಟೋ ಸಲ ಉತ್ತರ ಸರಿಯಾಗೇ ಇರುತ್ತೆ. ಏನು ಬರೆದೆ ಅಂತ ಕೇಳಿದರೆ ಮಾತಿಲ್ಲ.

ಸ್ಟಾಫ್ ರೂಮಿನಲ್ಲಿ ಹೇಳಿಕೊಂಡರೆ "ಓದು ಬರಹ ಕನ್ನಡದವರ ಕೆಲಸ, ನೀವು ಪೋರ್ಷನ್ ಮುಗಿಸಿ" ಅನ್ನುತ್ತಾರೆ. ಇರೋದು ನಲವತ್ತು ನಿಮಿಷದ ಪೀರಿಯಡ್. ಅದರಲ್ಲಿ ಓದಿಸೋದು ಯಾವಾಗ, ಬರೆಸೋದು ಯಾವಾಗ?

ಹಿರಿಯೂರು ಮೇಷ್ಟ್ರು:

ಮೇಡಂ, ನಿಮ್ಮ ಸ್ಟಾಫ್ ರೂಮಿನ ಮಾತನ್ನು ನಾನು ಒಪ್ಪಲ್ಲ. ಕಥೆಯಲ್ಲಿ ಎರಡು ಪದ ಹಾರಿಸಿದರೂ ಮುಂದಿನ ಸಾಲು ಕೈ ಹಿಡಿಯುತ್ತೆ. ಲೆಕ್ಕದಲ್ಲಿ ಒಂದು "ಕ್ಕಿಂತ" ಹಾರಿಸಿದರೆ ಎಲ್ಲಾ ತಲೆಕೆಳಗು. ಹಾಗೆ ಓದೋದನ್ನು ಕನ್ನಡದವರು ಯಾವ ಪಾಠ ಇಟ್ಟುಕೊಂಡು ಕಲಿಸಬೇಕು? ಲೆಕ್ಕ ಮಾಡಿಸುವವರೇ ಕಲಿಸಬೇಕು.

ಈ ಲೆಕ್ಕ ಕೊಟ್ಟು ನೋಡಿ. "ರಂಗಣ್ಣನ ಹತ್ತಿರ 45 ಚೀಲ ಈರುಳ್ಳಿ ಇದೆ. ಇದು ಸಿದ್ದಣ್ಣನ ಹತ್ತಿರ ಇರುವುದಕ್ಕಿಂತ 12 ಚೀಲ ಹೆಚ್ಚು. ಸಿದ್ದಣ್ಣನ ಹತ್ತಿರ ಎಷ್ಟು ಚೀಲ ಇದೆ?" ಮುಕ್ಕಾಲು ಮಕ್ಕಳು 57 ಅಂತ ಬರೆಯುತ್ತಾರೆ. ಯಾಕೆ ಗೊತ್ತಾ? "ಹೆಚ್ಚು, ಒಟ್ಟು ಅಂತ ಬಂದರೆ ಕೂಡು, ಉಳಿದ ಅಂತ ಬಂದರೆ ಕಳೆ" ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಮಗು ಓದೋದು ಬಿಟ್ಟು ಆ ಪದವನ್ನೇ ಹುಡುಕುತ್ತೆ. ಪರಿಸರ ಅಧ್ಯಯನದಲ್ಲಿ ಸಾಲು ಇಳಿಸೋದೂ ಇದೇ ಕಾಯಿಲೆ, ಬೇರೆ ಅಲ್ಲ.

ನಾನು ಮೊದಲು ಅಂಕಿ ತೆಗೆದು ಬೋರ್ಡ್ ಮೇಲೆ ಬರೆಯುತ್ತೇನೆ. ರಂಗಣ್ಣನ ಹತ್ತಿರ ಒಂದಷ್ಟು ಚೀಲ, ಅದು ಸಿದ್ದಣ್ಣನದಕ್ಕಿಂತ ಸ್ವಲ್ಪ ಹೆಚ್ಚು. ಯಾರ ಹತ್ತಿರ ಜಾಸ್ತಿ ಇದೆ? ಕೂಡೋಕೆ ಕಳೆಯೋಕೆ ಏನೂ ಸಿಗದೆ ಇದ್ದಾಗ ಮಕ್ಕಳು ಓದಲೇಬೇಕು. ಅರ್ಧ ಜನ ಸಿದ್ದಣ್ಣ ಅಂತಾರೆ, ಅರ್ಧ ಜನ ರಂಗಣ್ಣ. ಜಗಳ ಆಗಲಿ ಬಿಡಿ. "ಯಾವ ಸಾಲಲ್ಲಿದೆ, ತೋರಿಸು" ಅಂತ ಮಾತ್ರ ಕೇಳಿ. ಆಮೇಲೆ ಅಂಕಿ ತುಂಬಿ. 33 ತಾನಾಗೇ ಬರುತ್ತೆ.

ಕೊನೆಗೆ ಒಬ್ಬೊಬ್ಬರೂ ಒಂದು ಲೆಕ್ಕ ಬರೆದು ಪಕ್ಕದವರಿಗೆ ಕೊಡಬೇಕು. ನಮ್ಮ ಹುಡುಗಿಯೊಬ್ಬಳು ಬರೆದದ್ದು: "ನಮ್ಮಪ್ಪ ಮಾರ್ಕೆಟ್ಟಿಗೆ 20 ಚೀಲ ಈರುಳ್ಳಿ ಹಾಕಿದ. ಲಾರಿ ಬಾಡಿಗೆ ಕೊಟ್ಟ. ಎಷ್ಟು ಉಳೀತು?" ಪಕ್ಕದವನು ಸ್ಲೇಟು ವಾಪಸ್ ಕೊಟ್ಟು "ರೇಟು ಎಲ್ಲಿ? ಬಾಡಿಗೆ ಎಷ್ಟು?" ಅಂದ. ಅವಳು ಗೊಣಗಿಕೊಂಡು ತಿದ್ದಿ ಬರೆದಳು. ಓದುವವನಿಗೆ ಏನು ಬೇಕು ಅಂತ ಯೋಚಿಸಿ ಬರೆಯೋದು ಅಂದರೆ ಇದೇ ಅಲ್ವಾ? ನಾನು ಹೇಳಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ಪರಿಸರ ಅಧ್ಯಯನಕ್ಕೆ ನಿಮ್ಮ ಊರಲ್ಲೇ ಶೇಂಗಾ ಇದೆ, ಇನ್ನೇನು ಬೇಕು? ರಾತ್ರಿ ನೆನೆಸಿದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ದಿನಾ ಬಿಚ್ಚಿ ನೋಡಿ ಒಂದೇ ಒಂದು ಸಾಲು ಬರೆಯಬೇಕು. ಪುಸ್ತಕ ಮುಚ್ಚಿರಬೇಕು. ನಮ್ಮಲ್ಲಿ ಒಬ್ಬ "ಕಾಳಿಗೆ ಬಿಳಿ ಬಾಲ ಬಂದಿದೆ" ಅಂತ ಬರೆದ. ಇನ್ನೊಬ್ಬ "ಬಾಲ ಅಲ್ಲ, ಬೆರು. ಕೆಳಗೆ ಬಗ್ಗಿದೆ" ಅಂತ. ಇಬ್ಬರೂ ಬಟ್ಟೆ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದರು. ಪುಸ್ತಕ ತೆಗೆಯಿರಿ ಅಂದದ್ದು ಆಗ. ಯಾರು ಗೆದ್ದರು ಅಂತ ನೋಡೋಕೆ ಓದಿದರು, ಪರೀಕ್ಷೆಗೆ ಅಲ್ಲ. "ಬೆರು"ಗೆ ಕೆಂಪು ಇಂಕು ಹಾಕಲಿಲ್ಲ. ಕೆಳಗೆ "ಬೇರು ಎಷ್ಟು ಉದ್ದ ಇದೆ?" ಅಂತ ಬರೆದೆ. ಮಾರನೇ ದಿನ ಅವನೇ ದೀರ್ಘ ಹಾಕಿದ.

ನಮ್ಮ ಕಡೆಯ ಇನ್ನೊಂದು. ಮಾರಿಕಣಿವೆ ಡ್ಯಾಂ ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ಮೂರು ಸಾಲು ಬೋರ್ಡ್ ಮೇಲೆ ಬರೆದು ಪ್ರಶ್ನೆಗಳನ್ನು ಮಕ್ಕಳೇ ಮಾಡಲಿ. "ಎಷ್ಟು ವರ್ಷ ಆದ ಮೇಲೆ ಮತ್ತೆ ಕೋಡಿ ಬಿತ್ತು?" ಅಂತ ಲೆಕ್ಕ ಬರುತ್ತೆ, 89. "ಅಷ್ಟು ವರ್ಷ ಯಾಕೆ ತುಂಬಲಿಲ್ಲ?" ಅಂತ ಪರಿಸರ ಅಧ್ಯಯನ ಬರುತ್ತೆ. ಆ ಎರಡನೇ ಪ್ರಶ್ನೆಗೆ ಉತ್ತರ ಆ ಮೂರು ಸಾಲಲ್ಲಿ ಇಲ್ಲ. ಇಲ್ಲ ಅಂತ ಗುರುತಿಸೋದೂ ಓದೇ.

ಗಡಿಶಾಲೆ:

ಮೇಷ್ಟ್ರೇ, ಎಲ್ಲಾ ಸರಿ. ಓದೋಕೆ ಬರುವ ಮಕ್ಕಳಿಗೆ. ನಮ್ಮದು ಮೊಳಕಾಲ್ಮೂರು ಕಡೆ, ಆಂಧ್ರ ಗಡಿ. ಮನೆಯಲ್ಲಿ ತೆಲುಗು. ಐದನೇ ತರಗತಿಗೆ ಬಂದರೂ ಒತ್ತಕ್ಷರ ಬಂದ ತಕ್ಷಣ ನಿಲ್ಲುವವರು ಇದ್ದಾರೆ. ಅವರು ನಿಮ್ಮ "ಸಿದ್ದಣ್ಣ"ನಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ನಾನು ಮಾಡೋದು ಇಷ್ಟು. ಕಾಳು ನೋಡಿ ಅವರು ಬಾಯಲ್ಲಿ ಹೇಳುತ್ತಾರೆ, ತೆಲುಗು ಬಂದರೂ ಪರವಾಗಿಲ್ಲ. ಅದನ್ನು ಕನ್ನಡದಲ್ಲಿ ಹೇಗೆ ಹೇಳೋದು ಅಂತ ಜೊತೆಗಾರರೇ ಹೇಳಿಕೊಡುತ್ತಾರೆ. ನಾನು ಚಾರ್ಟಿನ ಮೇಲೆ ಬರೆಯುತ್ತೇನೆ. ತನ್ನ ಮಾತೇ ಆದ್ದರಿಂದ ಮುಂದಿನ ಪದ ಮಗುವಿಗೆ ಗೊತ್ತಿರುತ್ತೆ, ಓದಿಬಿಡುತ್ತೆ. ಒತ್ತಕ್ಷರವನ್ನೂ ಅಲ್ಲಿಂದಲೇ ಹಿಡಿಯುತ್ತೇನೆ. "ಬಗ್ಗಿದೆ", "ಹುಟ್ಟಿದೆ", "ದಪ್ಪ". ಬರೀ ಕಾಗುಣಿತ ತೀಡಿಸಿ ತೀಡಿಸಿ ಸಾಕಾಗಿತ್ತು, ಅವರಿಗೂ ನನಗೂ.

ದುರ್ಗದ ಸಮಾಜ ಟೀಚರ್:

ನಾನು ಹೈಸ್ಕೂಲು. ನಿಮ್ಮ ಮಕ್ಕಳೇ ಆಮೇಲೆ ನಮ್ಮ ಹತ್ತಿರ ಬರೋದು, ಹಾಗಾಗಿ ಸ್ವಾರ್ಥದಿಂದಲೇ ಹೇಳುತ್ತೇನೆ. "ಏಕೆಂದರೆ", "ಆದ್ದರಿಂದ", "ಆದರೂ" ಹಾಕಿ ಒಂದು ವಾಕ್ಯ ಬರೆಯೋದನ್ನು ಐದರಲ್ಲೇ ಕಲಿಸಿ ಕಳಿಸಿ. ಕಾರಣ ಕೊಡಿ ಅಂದರೆ ನಮ್ಮವರು ಘಟನೆ ಬರೆಯುತ್ತಾರೆ, ಕಾರಣ ಬರೆಯಲ್ಲ. ಕೋಟೆಗೆ ಕರೆದುಕೊಂಡು ಹೋದರೆ ಎಲ್ಲರೂ ಓಬವ್ವನ ಕಿಂಡಿಯಲ್ಲಿ ಫೋಟೋ ತೆಗೆಸಿಕೊಂಡು ಬರೋದೇ ಆಯಿತು. ಅಕ್ಕ ತಂಗಿ ಹೊಂಡದ ಹತ್ತಿರ ನಿಲ್ಲಿಸಿ. "ಬೆಟ್ಟದ ಮೇಲೆ ಹೊಂಡ ಯಾಕೆ ಕಟ್ಟಿದರು? ಏಕೆಂದರೆ..." ಅಂತ ಶುರು ಮಾಡಿಕೊಡಿ, ಉಳಿದದ್ದು ಅವರು ಬರೆಯಲಿ. "ನೀರು ಕುಡಿಯೋಕೆ" ಅಂತ ಬರೆದರೆ "ಕೆಳಗಿಂದ ತರಬಹುದಿತ್ತಲ್ಲ?" ಅನ್ನಿ. ಶತ್ರುಗಳು ಸುತ್ತುವರಿದರೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ.

ಚಳ್ಳಕೆರೆ ಟೀಚರ್:

ಅಂಕಿ ತೆಗೆದು ಬರೆಯೋದನ್ನು ಇವತ್ತೇ ಮಾಡಿದೆ. ಒಂದೇ ಲೆಕ್ಕಕ್ಕೆ ಅರ್ಧ ಪೀರಿಯಡ್ ಹೋಯಿತು, ಆದರೆ ಕೂಡೋದಾ ಕಳೆಯೋದಾ ಅಂತ ಒಬ್ಬರೂ ಕೇಳಲಿಲ್ಲ. ಗಡಿಶಾಲೆ ಸರ್ ಹೇಳಿದ ಚಾರ್ಟನ್ನು ಇಬ್ಬರು ಹುಡುಗರಿಗೆ ಶುರು ಮಾಡುತ್ತೇನೆ. ಒಂದು ಅನುಮಾನ. ದಿನಕ್ಕೊಂದು ಸಾಲು ಅಂದರೆ ನೋಟ್ಸ್ ಖಾಲಿ ಖಾಲಿ ಕಾಣುತ್ತೆ. ನೋಡೋಕೆ ಬಂದವರು ಪ್ರಶ್ನೋತ್ತರ ಎಲ್ಲಿ ಅಂತ ಕೇಳಿದರೆ?

ಹಿರಿಯೂರು ಮೇಷ್ಟ್ರು:

ಕೇಳೇ ಕೇಳುತ್ತಾರೆ. ದಿನದ ಸಾಲಿಗೆ ಬೇರೆ ಪುಸ್ತಕ ಮಾಡಬೇಡಿ, ಅದೇ ನೋಟ್ಸಿನಲ್ಲಿ ಹಿಂದಿನ ಪುಟದಿಂದ ಬರೆಸಿ. ಮುಂದಿನಿಂದ ಪ್ರಶ್ನೋತ್ತರ, ಕಡಿಮೆ ಇರಲಿ. ಬಂದವರಿಗೆ ಪುಸ್ತಕ ಕೊಡಬೇಡಿ, ಮಗುವನ್ನೇ ಕರೆದು ಹಿಂದಿನ ಪುಟ ಓದಿಸಿ. ಶೇಂಗಾ ಬಗ್ಗೆ ಓದುತ್ತಿದ್ದರೆ ಚಳ್ಳಕೆರೆಯಲ್ಲಿ ಯಾರು ತಾನೇ ಎದ್ದು ಹೋಗುತ್ತಾರೆ?