ಪದಚರ್ಚೆ: ಹಡಗಿನ ‘ಕಮಿಷನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ‘ವಾರಿಯರ್’ ಯುದ್ಧನೌಕೆಯ ಬಗ್ಗೆ ಬರೆಯುತ್ತಿದ್ದೇನೆ. ಫ್ರಾನ್ಸಿನ ‘ಗ್ಲುವಾರ್’ ಯುದ್ಧನೌಕೆಗೆ ಸಡ್ಡು ಹೊಡೆಯಲೆಂದೇ ಕಟ್ಟಿದ ಹಡಗು. 1860ರ ಡಿಸೆಂಬರಿನಲ್ಲಿ ಥೇಮ್ಸ್ ನದಿಗೆ ಇಳಿಯಿತು. ಪಕ್ಕಕ್ಕೆ ನಾಲ್ಕೂವರೆ ಇಂಚು ಕಬ್ಬಿಣ, ಅದರ ಹಿಂದೆ 18 ಇಂಚು ತೇಗ. ಹಾಗಾಗಿ ‘ಕಬ್ಬಿಣದ ಕವಚದ ಹಡಗು’ ಎಂದಿದ್ದೇನೆ. ‘ಉಕ್ಕಿನ ಹಡಗು’ ಅನ್ನಬಾರದು, ಅದರಲ್ಲಿದ್ದದ್ದು ಉಕ್ಕಲ್ಲ.

ತೊಡಕಿರುವುದು ‘ಕಮಿಷನ್’ ಮಾತಿನಲ್ಲಿ. ಹಾಗೇ ಬಿಟ್ಟರೆ ಓದುವವರಿಗೆ ದಲ್ಲಾಳಿ ದುಡ್ಡು ನೆನಪಾಗುತ್ತದೆ, ಅಲ್ವಾ? ಪತ್ರಿಕೆಗಳು ‘ನೌಕಾಪಡೆಗೆ ಸೇರ್ಪಡೆ’ ಎಂದು ಬರೆಯುತ್ತವೆ. ಈಗಿನ ಹಡಗುಗಳಿಗೆ ಅದು ಸರಿ: ಒಮ್ಮೆ ಸೇರ್ಪಡೆ, ಕೊನೆಗೊಮ್ಮೆ ನಿವೃತ್ತಿ. ವಿಕ್ಟೋರಿಯಾ ಕಾಲದ ರೀತಿಯೇ ಬೇರೆ. ಕ್ಯಾಪ್ಟನ್ನನ್ನು ನೇಮಿಸಿ, ಆಳುಗಳನ್ನು ತುಂಬಿಸಿ, ಕೆಲವು ವರ್ಷ ಹಡಗನ್ನು ಓಡಿಸುತ್ತಿದ್ದರು. ಆಮೇಲೆ ಸಂಬಳದ ಬಾಕಿ ಕೊಟ್ಟು ಎಲ್ಲರನ್ನೂ ಇಳಿಸುತ್ತಿದ್ದರು. ಹಡಗು ಖಾಲಿ. ರಿಪೇರಿ ಮುಗಿದ ಮೇಲೆ ಮತ್ತೆ ಹೊಸ ತಂಡ. ಇಂಥ ಒಂದೊಂದು ಅವಧಿಯೂ ಒಂದು ‘ಕಮಿಷನ್’.

ವಾರಿಯರ್ 1861ರಿಂದ 64ರವರೆಗೆ ದುಡಿಯಿತು. ಮೂರು ವರ್ಷ ರಿಪೇರಿ, ಹೊಸ ತೋಪುಗಳು. 1867ರಲ್ಲಿ ಎರಡನೆಯ ಬಾರಿ ಹೊರಟಿತು. 1869ರಲ್ಲಿ ಜೊತೆಯ ‘ಬ್ಲ್ಯಾಕ್ ಪ್ರಿನ್ಸ್’ ಹಡಗಿನೊಂದಿಗೆ ಒಂದು ತೇಲುವ ಡಾಕನ್ನೇ (ಹಡಗು ರಿಪೇರಿಯ ಕಟ್ಟೆ) ಅಟ್ಲಾಂಟಿಕ್ ದಾಟಿಸಿ ಬರ್ಮುಡಾಕ್ಕೆ ಎಳೆದು ಒಯ್ದದ್ದು ಈ ಅವಧಿಯಲ್ಲೇ. 1875ರಿಂದ 83ರವರೆಗೆ ಮೀಸಲು ಪಡೆಯಲ್ಲಿತ್ತು. ಇಷ್ಟಕ್ಕೆಲ್ಲ ‘ಸೇರ್ಪಡೆ, ನಿವೃತ್ತಿ’ ಎಂದು ಬರೆಯುತ್ತಾ ಹೋದರೆ ಹಡಗು ಮೂರು ಸಲ ನಿವೃತ್ತಿಯಾದಂತಾಗುತ್ತದೆ.

‘ಕಮಿಷನ್’ ಮಾತಿನ ಜೀವ ಇರುವುದೇ ಆಳುಗಳಲ್ಲಿ. ವಾರಿಯರ್‌ನಲ್ಲಿ ಸುಮಾರು 700 ಜನರಿದ್ದರು. ಹಾಯಿ ಬಿಚ್ಚಿ ಹೋಗುವಾಗ ನೀರಿನ ತಡೆ ಕಡಿಮೆಯಾಗಲೆಂದು ಅದರ ಪ್ರೊಪೆಲ್ಲರನ್ನೇ ಮೇಲಕ್ಕೆ ಎತ್ತುತ್ತಿದ್ದರು. ಅದೂ ಕೈಯಿಂದ, ನೂರಾರು ಜನ ಹಗ್ಗ ಹಿಡಿದು! ಜನ ಇಳಿದರೆ ಹಡಗಿನ ಕೆಲಸವೂ ನಿಂತಂತೆ. ಅದಕ್ಕೇ ‘ಸರದಿ’ ಅನ್ನೋಣ ಅನ್ನಿಸಿದೆ: ಮೊದಲ ಸರದಿ, ಎರಡನೆಯ ಸರದಿ. ಆಳುಗಳನ್ನು ಇಳಿಸುವುದಕ್ಕೆ ‘ಲೆಕ್ಕ ಚುಕ್ತಾ ಮಾಡು’ ಚೆನ್ನಾಗಿ ಕೂರುತ್ತದೆ. ‘ಪಾಳಿ’ ಬೇಡ, ಅದು ಫ್ಯಾಕ್ಟರಿಯ ಎಂಟು ಗಂಟೆಗೆ ಅಂಟಿಕೊಂಡಿದೆ.

ಇನ್ನೊಂದು ‘ಹಲ್ಕ್’. ಕೂವೆಮರ (ಹಾಯಿ ಕಟ್ಟುವ ಕಂಬ) ಕಿತ್ತು, ದಡದಲ್ಲಿ ಕಟ್ಟಿಹಾಕಿ ಬೇರೆ ಕೆಲಸಕ್ಕೆ ಬಳಸುವ ಹಡಗು. ವಾರಿಯರ್ 1904ರಿಂದ ಪೋರ್ಟ್ಸ್‌ಮತ್‌ನ ಟಾರ್ಪೆಡೊ ಶಾಲೆಯ ಭಾಗವಾಗಿ ಪಕ್ಕದ ಹಡಗುಗಳಿಗೆ ಉಗಿ, ಕರೆಂಟು ಕೊಡುತ್ತಿತ್ತು. 1929ರಿಂದ ಐವತ್ತು ವರ್ಷ ವೇಲ್ಸ್‌ನ ಪೆಂಬ್ರೋಕ್ ಡಾಕ್‌ನಲ್ಲಿ ಎಣ್ಣೆ ತುಂಬುವ ಕಟ್ಟೆಯಾಗಿತ್ತು. ‘ಗುಜರಿ ಹಡಗು’ ಅಂದರೆ ಅನ್ಯಾಯ. ‘ಬೋಳು ಹಡಗು’ ಹೇಗೆ? ಮಂಗಳೂರು, ಮಲ್ಪೆ, ಕಾರವಾರದ ಕಡೆಯವರು ಇಂಥ ಹಡಗಿಗೆ ಏನನ್ನುತ್ತೀರಿ, ದಯವಿಟ್ಟು ತಿಳಿಸಿ. ಬಳಸುವ ವಾಕ್ಯವನ್ನೂ ಜೊತೆಗೆ ಬರೆದರೆ ಇನ್ನೂ ಒಳ್ಳೆಯದು.