‘ವಾಚ್’ಗೂ ಎಚ್ಚರಿಕೆ, ‘ವಾರ್ನಿಂಗ್’ಗೂ ಎಚ್ಚರಿಕೆಯೇ?

ಒಂದು ಪದದಲ್ಲಿ ಸಿಕ್ಕಿಬಿದ್ದಿದ್ದೇನೆ, ಬಲ್ಲವರು ಹೇಳಿ. ಅಕ್ಕ ಏಪ್ರಿಲ್‌ನಲ್ಲಿ ಉಡುಪಿಯಿಂದ ಅಮೆರಿಕದ ಒಕ್ಲಹೋಮಕ್ಕೆ, ಮಗಳ ಮನೆಗೆ ಹೋಗುತ್ತಾಳೆ. ಅಲ್ಲಿ ಅದು ಟೊರ್ನೆಡೊ ಕಾಲ. (ಸುಂಟರಗಾಳಿ ಅಂದರೆ ಗದ್ದೆಯಲ್ಲಿ ತರಗೆಲೆ ತಿರುಗುವುದೂ ಅದೇ, ಹಾಗಾಗಿ ಟೊರ್ನೆಡೊ ಅಂತಲೇ ಬಿಟ್ಟೆ.) ಮಲಗುವ ಕೋಣೆಯಲ್ಲಿ ವೆದರ್ ರೇಡಿಯೋ ಇಟ್ಟಿದ್ದಾರೆ. 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ಚಾನೆಲ್‌ಗಳಲ್ಲಿ ಸರ್ಕಾರದ ಹವಾಮಾನ ಪ್ರಸಾರ ಹಗಲೂ ರಾತ್ರಿ ಇರುತ್ತದೆ, ಆದರೆ ಸ್ಟ್ಯಾಂಡ್‌ಬೈಯಲ್ಲಿಟ್ಟರೆ ಅದು ಸುಮ್ನೆ ಕೂತಿದ್ದು, ತಮ್ಮ ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಅಪಾಯ ಅಂತಾದಾಗ ಮಾತ್ರ ಕಿರುಚಿ ಎಬ್ಬಿಸುತ್ತದೆ. ಅದರ ಪಕ್ಕ ಅಂಟಿಸಲು ಅಮ್ಮನಿಗೊಂದು ಕನ್ನಡ ಚೀಟಿ ಬೇಕು ಅಂತ ಅಕ್ಕನ ಮಗಳು ಕೇಳಿದ್ದಾಳೆ.

ರೇಡಿಯೋ ಹೇಳುವುದು ಎರಡು ಬಗೆ. ‘ವಾಚ್’ ಅಂದರೆ ಟೊರ್ನೆಡೊ ಹುಟ್ಟಬಹುದಾದ ಹವೆ ಇದೆ, ಟಾರ್ಚು, ಚಪ್ಪಲಿ ಹತ್ತಿರ ಇಟ್ಟುಕೊಂಡು ಮಲಗಿ ಅಂತ. ‘ವಾರ್ನಿಂಗ್’ ಅಂದರೆ ಯಾರೋ ಕಂಡಿದ್ದಾರೆ ಇಲ್ಲವೇ ರಾಡಾರಿಗೆ ಸಿಕ್ಕಿದೆ, ಈಗಲೇ ಎದ್ದು ಕೆಳಗಿನ ಕಿಟಕಿಯಿಲ್ಲದ ಒಳಕೋಣೆ ಸೇರಿ ಅಂತ. ನಾನು ಎರಡಕ್ಕೂ ‘ಎಚ್ಚರಿಕೆ’ ಬರೆದು ಕೂತಿದ್ದೇನೆ!

‘ಮುನ್ನೆಚ್ಚರಿಕೆ’ ನಾವು ತೆಗೆದುಕೊಳ್ಳುವಂಥದ್ದು. ‘ಮುನ್ಸೂಚನೆ’ ನಾಳೆಯ ಮಳೆಗೆ ಹೋಯಿತು. ‘ನಿಗಾ’ ಅಂದರೆ ಅಕ್ಕನಿಗೆ ಆಸ್ಪತ್ರೆಯ ತೀವ್ರ ನಿಗಾ ಘಟಕವೇ ಕಣ್ಣಿಗೆ ಬರುವುದು. ನಮ್ಮ ಹವಾಮಾನ ಇಲಾಖೆಯ ಬಣ್ಣ ಹೇಳೋಣವೇ? ಅಲ್ಲೂ ಹಳದಿ ವಾಚ್, ಕೆಂಪು ವಾರ್ನಿಂಗ್, ಲೆಕ್ಕ ಹೊಂದುತ್ತದೆ. ಆದರೆ ಉಡುಪಿಯಲ್ಲಿ ರೆಡ್ ಅಲರ್ಟ್ ಅಂದರೆ ಶಾಲೆಗೆ ರಜೆ, ಅಲ್ವಾ? ಇನ್ನಷ್ಟು ಹೊದ್ದು ಮಲಗುವುದೇ. ಮೇಲಾಗಿ ಇಲ್ಲಿಯದು ದಿನದ ಲೆಕ್ಕ, ಅಲ್ಲಿಯದು ನಿಮಿಷದ್ದು.

ನನಗೆ ಕುತೂಹಲ ಹುಟ್ಟಿಸಿದ್ದು ‘ಎಚ್ಚರ’ವೇ. ನಿದ್ದೆ ಬಿಟ್ಟಿರುವುದೂ ಅದೇ, ಹುಷಾರಾಗಿರುವುದೂ ಅದೇ. ‘ಎಚ್ಚರಿಸು’ ಅಂದರೆ ಎಬ್ಬಿಸುವುದೂ ಆಗುತ್ತದೆ. ನಮ್ಮ ಕಡೆ ಮಾತುಮಾತಿಗೆ ಹೇಳುವ ‘ಜಾಗ್ರತೆ’ಯ ಮೂಲದಲ್ಲೂ ಜಾಗರಣೆ ಇದೆ. ಹಾಗಾಗಿಯೇ ಅದು ‘ವಾರ್ನಿಂಗ್’ಗೆ ಚೆನ್ನಾಗಿ ಕೂರುತ್ತದೆ, ‘ವಾಚ್’ಗೆ ಅಪಾಯ. ವಾಚ್ ಇರುವಾಗ ಎಚ್ಚರವಾಗಿರಬೇಕಾದ್ದು ರೇಡಿಯೋ, ಅಕ್ಕ ಮಲಗಬಹುದು. ‘ಎಚ್ಚರ’ ಅಂತ ಬರೆದರೆ ಅವಳು ಬೆಳಗಿನವರೆಗೂ ಕೂರುವ ಪೈಕಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಹಾಗೇ ಕೂತಿದ್ದಳು, ಯಾವ ಹೆಂಚು ಹಾರಿತು ಅಂತ ಕಿವಿಗೊಟ್ಟು.

ಸದ್ಯಕ್ಕೆ ವಾಚ್‌ಗೆ ‘ಬರಬಹುದು, ಮಲಗು’, ವಾರ್ನಿಂಗ್‌ಗೆ ‘ಬಂತು, ಏಳು’ ಅಂತ ಬರೆದಿದ್ದೇನೆ. ಚೀಟಿಗೆ ಸಾಕು, ಪದ ಮಾತ್ರ ಸಿಗಲಿಲ್ಲ. ಮಲ್ಪೆ, ಗಂಗೊಳ್ಳಿ ಕಡೆ ಕಡಲಿಗೆ ಇಳಿಯುವವರಲ್ಲಿ ಗಾಳಿ ಬರುವ ಲಕ್ಷಣಕ್ಕೊಂದು, ಬಂದೇಬಿಟ್ಟ ಗಾಳಿಗೊಂದು ಅಂತ ಬೇರೆ ಮಾತಿದೆಯೇ? ತುಳುವಾದರೂ ಆದೀತು, ಅಕ್ಕನಿಗೆ ಮನೆಮಾತೇ ಅದು.