ಕೈಯಲ್ಲಿ ಹಿಡಿಯುವ ಜಿಪಿಎಸ್‌ಗೆ ನಕ್ಷೆ ಏರುತ್ತಿಲ್ಲ: ಬಲ್ಲವರ ಅನುಭವ ಬೇಕು

ಮೂಡಿಗೆರೆಯಿಂದ, ಕೇಳಿದವರು:

ಮಳೆಗಾಲ ಮುಗಿದ ಮೇಲೆ ಶಾಲಾ ಮಕ್ಕಳನ್ನು ಘಟ್ಟದ ಕಾಲುದಾರಿಗಳಲ್ಲಿ ನಡೆಸುವ ಸಣ್ಣ ಗುಂಪು ನಮ್ಮದು. ಅಮೆರಿಕದಲ್ಲಿರುವ ತಂಗಿ ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್ ತಂದುಕೊಟ್ಟಿದ್ದಾಳೆ. ಅದರೊಳಗೆ ಉತ್ತರ ಅಮೆರಿಕದ ವಿವರವಾದ ನಕ್ಷೆ ಮೊದಲೇ ಇದೆ. ನಮ್ಮ ಕಡೆಗೆ ಬಂದರೆ ಒಂದೆರಡು ಹೆದ್ದಾರಿಯ ಗೆರೆಗಳನ್ನು ಬಿಟ್ಟು ಏನೂ ಇಲ್ಲ. ಯಾರು ಬೇಕಾದರೂ ತಿದ್ದಿ ಸೇರಿಸಬಹುದಾದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತಯಾರಿಸಿದ ಭಾರತದ ನಕ್ಷೆಯೊಂದನ್ನು ಇಳಿಸಿಕೊಂಡು 64 ಜಿಬಿ ಮೈಕ್ರೊಎಸ್‌ಡಿ ಕಾರ್ಡಿಗೆ ನಕಲಿಸಿದೆ. ಕಂಪ್ಯೂಟರಿನಲ್ಲಿ ನೋಡಿದರೆ ಫೈಲ್ ಕಾರ್ಡಿನಲ್ಲಿ ಕಾಣುತ್ತದೆ, ಉಪಕರಣದಲ್ಲಿ ನಕ್ಷೆ ಕಾಣುವುದಿಲ್ಲ. ಅಳಿಸಿ ಮತ್ತೆ ಮತ್ತೆ ಹಾಕಿದ್ದಾಯಿತು. ಜಡಿಮಳೆಯಲ್ಲೂ ಗುಂಡಿ ಒತ್ತಿ ಬಳಸಬಹುದಾದ, ಅಂಗಡಿಯಲ್ಲಿ ಸಿಗುವ ಎರಡು ಸೆಲ್ ಹಾಕಿದರೆ ಮತ್ತೆ ಜೀವ ಬರುವ ಸಾಧನವಿದು. ಮೊಬೈಲನ್ನೇ ನಂಬಿ ಮಕ್ಕಳನ್ನು ಕಾಡಿಗೆ ಕರೆದೊಯ್ಯಲು ನನಗೆ ಇಷ್ಟವಿಲ್ಲ. ಎಲ್ಲಿ ಹುಡುಕಬೇಕು, ಹೇಳಿ.

ಸಾಗರದಿಂದ:

ಮತ್ತೆ ನಕಲಿಸುವ ಕೆಲಸವನ್ನು ಇಲ್ಲಿಗೆ ನಿಲ್ಲಿಸಿ. ಕಂಪ್ಯೂಟರಿನಿಂದ ಹೊರಟ ನಕ್ಷೆ ಪರದೆಗೆ ಬರುವಷ್ಟರಲ್ಲಿ ಹಲವು ಕಡೆ ತಡೆ ಬೀಳಬಹುದು. ಎಲ್ಲಿ ಎಂದು ತಿಳಿಯದೆ ಮಾಡುವ ರಿಪೇರಿ ಕತ್ತಲಲ್ಲಿ ಕಲ್ಲೆಸೆದ ಹಾಗೆ.

ತಿಳಿಯುವುದಕ್ಕೆ ಒಂದೇ ಜಾಗ ಸಾಕು. ಉಪಕರಣದ ಸೆಟಪ್‌ನಲ್ಲಿ ಮ್ಯಾಪ್ ವಿಭಾಗಕ್ಕೆ ಹೋದರೆ ಅದರಲ್ಲಿರುವ ನಕ್ಷೆಗಳ ಪಟ್ಟಿ ಸಿಗುತ್ತದೆ. ನೀವು ಹಾಕಿದ್ದರ ಹೆಸರು ಅಲ್ಲಿದೆಯೇ? ಇದ್ದರೆ ಕಾರ್ಡು, ಫೈಲು ಎರಡನ್ನೂ ಉಪಕರಣ ಓದಿದೆ. ತೊಡಕು ತೋರಿಸುವುದರಲ್ಲಿ ಮಾತ್ರ. ಇಲ್ಲದಿದ್ದರೆ ಆ ಫೈಲ್ ಅದರ ಕಣ್ಣಿಗೇ ಬಿದ್ದಿಲ್ಲ. ಎರಡೂ ಬೇರೆ ಬೇರೆ ರೋಗ, ಮದ್ದೂ ಬೇರೆ.

ನಿಮ್ಮ ವಿವರ ನೋಡಿದರೆ ನನಗೆ ಕಾರ್ಡಿನ ಮೇಲೆಯೇ ಅನುಮಾನ. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಕಾರ್ಖಾನೆಯಿಂದಲೇ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿ ಬರುತ್ತವೆ. ಕಂಪ್ಯೂಟರ್ ಅದನ್ನು ಸಲೀಸಾಗಿ ಓದಿ ಬರೆಯುತ್ತದೆ. ಈ ಉಪಕರಣಗಳಿಗೆ ಬೇಕಾಗಿರುವುದು ಫ್ಯಾಟ್32. ಕಂಪ್ಯೂಟರಿನಲ್ಲಿ ಎಲ್ಲ ಸರಿ, ಕೈಯಲ್ಲಿ ಮಾತ್ರ ಶೂನ್ಯ ಎಂಬ ನಿಮ್ಮ ಲಕ್ಷಣ ಇದಕ್ಕೆ ಹೊಂದುತ್ತದೆ. ವಿಂಡೋಸ್‌ನಲ್ಲಿ ಬಲಗುಂಡಿ ಒತ್ತಿ ಫಾರ್ಮ್ಯಾಟ್ ಮಾಡಲು ಹೋದರೆ 64 ಜಿಬಿ ಕಾರ್ಡಿಗೆ ಫ್ಯಾಟ್32 ಆಯ್ಕೆಯೇ ಕಾಣುವುದಿಲ್ಲ. ಬೇರೆ ತಂತ್ರಾಂಶದಿಂದ ಮಾಡಬಹುದು, ಆದರೆ ಅಷ್ಟು ಕಷ್ಟಪಡುವ ಅಗತ್ಯ ನಿಮಗಿಲ್ಲ. 22ಎಕ್ಸ್‌ಗೆ ತಯಾರಕರು ಹೇಳಿರುವ ಮಿತಿಯೇ 32 ಜಿಬಿ. 8 ಅಥವಾ 16 ಜಿಬಿಯ ಸಣ್ಣ ಕಾರ್ಡು ಹಾಕಿ, ನೆಮ್ಮದಿಯಾಗಿರಿ. ಎಲ್ಲ ನಕ್ಷೆಗಳನ್ನೂ ಒಂದೇ ಕಡೆ ಪೇರಿಸುವ ಆಸೆ ಬೇಡ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತೆಯೂ ಇಲ್ಲ.

ಕಾರ್ಡಿನ ಮೂಲದಲ್ಲಿ "ಗಾರ್ಮಿನ್" ಎಂಬ ಇಂಗ್ಲಿಷ್ ಹೆಸರಿನ ಫೋಲ್ಡರ್ ಮಾಡಿ ಫೈಲನ್ನು ಅದರೊಳಗೆ ಇಡಿ. ಇಳಿಸಿಕೊಂಡದ್ದು ಜಿಪ್ ಆಗಿದ್ದರೆ ಬಿಚ್ಚಲೇಬೇಕು. ಕೊನೆಗೆ ಫೈಲಿನ ಹೆಸರಿಗೆ ಉಳಿಯಬೇಕಾದ ಬಾಲ ಡಾಟ್ ಐಎಂಜಿ. ವಿಂಡೋಸ್ ಈ ಬಾಲವನ್ನು ಡಿಸ್ಕ್ ಪ್ರತಿ ಎಂದು ತಿಳಿದು, ಎರಡು ಸಲ ಒತ್ತಿದರೆ ತೆರೆಯಲು ಹೋಗಿ "ಫೈಲ್ ಹಾಳಾಗಿದೆ" ಎಂಬ ಅರ್ಥದ ಸಂದೇಶ ಕೊಡುತ್ತದೆ. ಅದನ್ನು ನಂಬಿ ಒಳ್ಳೆಯ ನಕ್ಷೆಗಳನ್ನು ಎಸೆದವರು ನನಗೆ ಗೊತ್ತು. ಅದು ತೆರೆಯುವ ಫೈಲಲ್ಲ, ಹಾಗೇ ಇಡುವ ಫೈಲು.

ಇನ್ನು ಪಟ್ಟಿಯಲ್ಲಿ ಹೆಸರಿದ್ದೂ ಪರದೆ ಖಾಲಿ ಇದ್ದರೆ: ಮೊದಲು ಆ ನಕ್ಷೆ ಸಕ್ರಿಯವಾಗಿದೆಯೇ ನೋಡಿ. ಈ ಆಯ್ಕೆ ಪ್ರೊಫೈಲ್‌ಗೆ, ಅಂದರೆ ಒಂದೊಂದು ಬಗೆಯ ಬಳಕೆಗೆಂದು ಉಳಿಸಿಟ್ಟ ಸೆಟ್ಟಿಂಗ್‌ಗಳ ಕಟ್ಟಿಗೆ, ತಕ್ಕಂತೆ ಬದಲಾಗುತ್ತದೆ. ಒಂದು ಪ್ರೊಫೈಲ್‌ನಲ್ಲಿ ಕಾಣುವುದು ಇನ್ನೊಂದರಲ್ಲಿ ಮಾಯವಾದರೆ ಗಾಬರಿಯಾಗಬೇಡಿ. ಎರಡನೆಯದು ನಿಮಗೆ ಹೆಚ್ಚು ಅನ್ವಯಿಸುತ್ತದೆ. ಮನೆಯೊಳಗೆ ಕುಳಿತು ಪರೀಕ್ಷಿಸುವಾಗ ಉಪಗ್ರಹದ ಸಂಕೇತ ಸಿಗದೆ ಉಪಕರಣ ಕೊನೆಯ ಬಾರಿ ಎಲ್ಲಿತ್ತೋ ಅಲ್ಲೇ ಇದೆ ಎಂದುಕೊಂಡಿರುತ್ತದೆ. ತಂಗಿ ಅಮೆರಿಕದಲ್ಲಿ ಆಫ್ ಮಾಡಿ ತಂದಿದ್ದರೆ ಪರದೆ ಅಮೆರಿಕವನ್ನೇ ತೋರಿಸುತ್ತಿರಬಹುದು. ಅಂಗಳಕ್ಕೆ ಬಂದು ಆಕಾಶ ತೋರಿಸಿ, ಸ್ಥಾನ ಹಿಡಿದ ಮೇಲೆ ತೀರ್ಮಾನಿಸಿ. ಅಮೆರಿಕದ ನಕ್ಷೆಯನ್ನು ಪಟ್ಟಿಯಲ್ಲಿ ನಿಷ್ಕ್ರಿಯಗೊಳಿಸಿ ಸಾಕು, ಅಳಿಸಬೇಡಿ. ಅಳಿಸಲೇಬೇಕೆಂದರೆ ಒಳಗಿನ ಗಾರ್ಮಿನ್ ಫೋಲ್ಡರ್ ಇಡಿಯಾಗಿ ಕಂಪ್ಯೂಟರಿನಲ್ಲಿ ಪ್ರತಿಯಾಗಿರಲಿ.

ಕುಂದಾಪುರದಿಂದ:

ಕಂಪ್ಯೂಟರಿಗೆ ಉಪಕರಣವೇ ಕಾಣದವರಿಗೆ ಎರಡು ಮಾತು. ಮಿನಿ ಯುಎಸ್‌ಬಿ ಕೇಬಲ್‌ಗಳಲ್ಲಿ ಬರೀ ವಿದ್ಯುತ್ ಹರಿಸುವ, ದತ್ತಾಂಶದ ತಂತಿಯೇ ಇಲ್ಲದ ಜಾತಿಯೊಂದಿದೆ. ಪರದೆ ಬೆಳಗುತ್ತದೆ, ಡ್ರೈವ್ ಬರುವುದಿಲ್ಲ. ಕೇಬಲ್ ಬದಲಿಸಿ, ಹಬ್ ಬಿಟ್ಟು ನೇರವಾಗಿ ಚುಚ್ಚಿ. ಸೆಟಪ್‌ನಲ್ಲಿ ಇಂಟರ್‌ಫೇಸ್ ಆಯ್ಕೆ "ಸ್ಪ್ಯಾನರ್" ಎಂದಿದ್ದರೆ ಅದನ್ನೂ ಬದಲಿಸಿ. ಆ ಸ್ಥಿತಿಯಲ್ಲಿ ಉಪಕರಣ ಲ್ಯಾಪ್‌ಟಾಪ್‌ಗೆ ನಿರಂತರ ಸ್ಥಾನಸೂಚನೆ ಕಳಿಸುವ ಗ್ರಾಹಕವಾಗಿ ವರ್ತಿಸುತ್ತದೆ, ಡ್ರೈವ್ ಆಗಿ ಅಲ್ಲ.

ಧಾರವಾಡದಿಂದ:

ಸಾಗರದವರು ಹೇಳಿದ್ದು ಹೊಸ ಮಾದರಿಗಳಿಗೆ ಸರಿ. ನನ್ನ ಕೆಲಸ ಗಿಡಮರಗಳ ಸಮೀಕ್ಷೆ; ಇವತ್ತಿಗೂ ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್ ಬಳಸುತ್ತೇನೆ. ಆ ಪೀಳಿಗೆಯ ನಿಯಮಗಳೇ ಬೇರೆ, ಇಂಥದ್ದನ್ನು ಹಳೆಯದಾಗಿ ಕೊಂಡವರು ಗಮನಿಸಿ. ಹೊಸ ಮಾದರಿಗಳು ಫೋಲ್ಡರಿನಲ್ಲಿರುವ ಯಾವ ಹೆಸರಿನ ಐಎಂಜಿ ಫೈಲನ್ನಾದರೂ ಓದುತ್ತವೆ. ಹಳೆಯವು ಓದುವುದು "ಜಿಮ್ಯಾಪ್‌ಸಪ್" ಎಂಬ ಒಂದೇ ಹೆಸರನ್ನು. ಹಾಗಾಗಿ ರಸ್ತೆಯ ನಕ್ಷೆ ಒಂದು, ಸಮೋನ್ನತಿ ರೇಖೆಗಳದ್ದು ಇನ್ನೊಂದು ಎಂದು ಎರಡು ಫೈಲ್ ಇಟ್ಟರೆ ನಡೆಯದು. ಎರಡನ್ನೂ ಬೆಸೆದು ಒಂದಾಗಿಸಬೇಕು. ಗಾರ್ಮಿನ್‌ನ ಕಂಪ್ಯೂಟರ್ ತಂತ್ರಾಂಶಗಳಾದ ಮ್ಯಾಪ್‌ಸೋರ್ಸ್ ಅಥವಾ ಬೇಸ್‌ಕ್ಯಾಂಪ್‌ನಿಂದ ಕಳಿಸುವವರು ಬೇಕಾದ ಎಲ್ಲ ನಕ್ಷೆಗಳನ್ನೂ ಒಂದೇ ಸಲ ಆರಿಸಬೇಕು, ಏಕೆಂದರೆ ನಾಳೆ ಕಳಿಸುವ ಕೊಡಗು ನಿನ್ನೆ ಕಳಿಸಿದ ಉತ್ತರ ಕನ್ನಡವನ್ನು ಅಳಿಸಿ ಆ ಜಾಗದಲ್ಲಿ ಕೂರುತ್ತದೆ. ನಕ್ಷೆಯ ತುಂಡುಗಳ ಸಂಖ್ಯೆಗೂ ಈ ಮಾದರಿಯಲ್ಲಿ 2025ರ ಮಿತಿಯಿದೆ. ಅದು ಮೀರಿದರೆ ಕಾರ್ಡಿನಲ್ಲಿ ಜಾಗವಿದ್ದರೂ ಉಳಿದ ತುಂಡುಗಳು ಕಾಣುವುದಿಲ್ಲ. ಕೇಬಲ್ ಮೂಲಕ ದೊಡ್ಡ ನಕ್ಷೆ ಕಳಿಸುತ್ತಾ ಕೂರಬೇಡಿ, ಅದರ ಯುಎಸ್‌ಬಿ ಹಳೆಯ ಕಾಲದ ವೇಗದ್ದು. ಕಾರ್ಡ್ ಹೊರತೆಗೆದು ರೀಡರ್‌ಗೆ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ.

ಇನ್ನೊಂದು, ಮಾದರಿ ಯಾವುದೇ ಇರಲಿ: ಕಾರ್ಡು ನಕಲಿಯಾಗಿದ್ದರೆ ಇಷ್ಟೂ ಉಪದೇಶ ವ್ಯರ್ಥ. ಮೇಲೆ ಅಚ್ಚಾದ ಸಾಮರ್ಥ್ಯ ಒಂದು, ಒಳಗಿರುವುದು ಇನ್ನೊಂದು. ತುಂಬಿದಷ್ಟೂ ತುಂಬಿದಂತೆ ತೋರಿಸಿ, ನಿಜವಾದ ಮಿತಿ ದಾಟಿದ ಮೇಲೆ ಬರೆದದ್ದನ್ನೆಲ್ಲ ಕೆಡಿಸುತ್ತದೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಧನ ಇಡೀ ಕಾರ್ಡನ್ನು ಬರೆದು ಮತ್ತೆ ಓದಿ ಪರೀಕ್ಷಿಸುತ್ತದೆ. ಹೊಸ ಕಾರ್ಡು ತಂದ ದಿನವೇ ಇದನ್ನು ಓಡಿಸುವುದು ನಮ್ಮ ತಂಡದಲ್ಲಿ ಕಟ್ಟುನಿಟ್ಟು.

ಬೆಂಗಳೂರಿನಿಂದ:

ಮ್ಯಾಕ್ ಬಳಸುವವರ ಪಾಡನ್ನು ಯಾರೂ ಹೇಳಲಿಲ್ಲ. ಮ್ಯಾಕ್‌ನಲ್ಲಿ ಉಪಕರಣದಿಂದ ಅಳಿಸಿದ ಫೈಲ್ ನಿಜವಾಗಿ ಹೋಗುವುದಿಲ್ಲ, ಅದೇ ಉಪಕರಣದಲ್ಲಿ ಗುಪ್ತವಾದ ಕಸದ ಫೋಲ್ಡರಿನಲ್ಲಿ ಉಳಿಯುತ್ತದೆ. ಕಸದಬುಟ್ಟಿ ಖಾಲಿ ಮಾಡುವ ತನಕ ಜಾಗ ಬಿಡುಗಡೆಯಾಗದು. "ಅಳಿಸಿದೆ, ಆದರೂ ಜಾಗವಿಲ್ಲ ಎನ್ನುತ್ತದೆ" ಎಂಬ ದೂರಿನ ಮೂಲ ಇದೇ. ಜೊತೆಗೆ ಪ್ರತಿ ಫೈಲಿನ ಹೆಸರಿನ ಮುಂದೆ ಚುಕ್ಕಿ ಮತ್ತು ಅಡಿಗೆರೆ ಸೇರಿಸಿ ಒಂದು ಪುಟ್ಟ ನೆರಳು ಫೈಲನ್ನು ಮ್ಯಾಕ್ ಬರೆದಿಡುತ್ತದೆ. ಅದರ ಬಾಲವೂ ಐಎಂಜಿಯೇ, ಹಾಗಾಗಿ ಉಪಕರಣ ಅದನ್ನೂ ನಕ್ಷೆ ಎಂದು ಓದಲು ಹೋಗಬಹುದು. ಟರ್ಮಿನಲ್‌ನಲ್ಲಿ ಡಾಟ್‌ಕ್ಲೀನ್ ಆಜ್ಞೆಯಿಂದ ಇವುಗಳನ್ನು ಗುಡಿಸಬಹುದು. ಎಂಟಿಪಿ ಎಂಬ, ಫೋನುಗಳು ಬಳಸುವಂಥ ವಿಧಾನದಲ್ಲಿ ಜೋಡಿಸಿಕೊಳ್ಳುವ ಹೊಸ ಮಾದರಿಗಳು ಮ್ಯಾಕ್‌ನಲ್ಲಿ ಡ್ರೈವ್ ಆಗಿ ಬರುವುದೇ ಇಲ್ಲ, ಅದಕ್ಕೆ ಬೇರೆ ತಂತ್ರಾಂಶ ಬೇಕು.

ನಕಲಿಸುವ ನಡುವೆ ಕೇಬಲ್ ಕಿತ್ತರೆ ಅರ್ಧ ಬರೆದ ನಕ್ಷೆ ಉಳಿದು ಉಪಕರಣ ಆರಂಭದಲ್ಲೇ, ನಕ್ಷೆ ತುಂಬುವ ಹಂತದಲ್ಲಿ ನಿಂತುಹೋಗಬಹುದು. ಇದನ್ನು ಕಂಡು ಸತ್ತೇಹೋಯಿತು ಎಂದು ಅಳುವವರನ್ನು ಸಮಾಧಾನಪಡಿಸಿದ್ದೇನೆ. ನಕ್ಷೆ ಕಾರ್ಡಿನಲ್ಲಿದ್ದರೆ ಕಾರ್ಡು ತೆಗೆದು ಚಾಲೂ ಮಾಡಿ, ಅಷ್ಟೇ. ಒಳಗಿನ ಮೆಮೊರಿಯಲ್ಲಿದ್ದರೆ, ಇಟ್ರೆಕ್ಸ್‌ನ ಪುಟ್ಟ ಜಾಯ್‌ಸ್ಟಿಕ್ಕನ್ನು ಮೇಲ್ಮುಖವಾಗಿ ಒತ್ತಿ ಹಿಡಿದೇ ಯುಎಸ್‌ಬಿ ಕೇಬಲ್ ಜೋಡಿಸಿ. ಕಂಪ್ಯೂಟರಿನಲ್ಲಿ ಡ್ರೈವ್ ಕಾಣುವ ತನಕ ಬೆರಳು ತೆಗೆಯಬೇಡಿ. ನಕ್ಷೆ ಓದುವ ಹಂತವನ್ನು ಬಿಟ್ಟು ಅದು ನೇರವಾಗಿ ಡ್ರೈವ್ ಆಗಿ ತೆರೆದುಕೊಳ್ಳುತ್ತದೆ, ಕೆಟ್ಟ ಫೈಲ್ ಅಳಿಸಬಹುದು. ನಾನು ಹೊಸ ನಕ್ಷೆಗಳನ್ನು ಯಾವಾಗಲೂ ಕಾರ್ಡಿಗೇ ಹಾಕುವುದು ಈ ಕಾರಣಕ್ಕೆ. ಕೈಕೊಟ್ಟರೆ ಕಿತ್ತು ತೆಗೆಯಬಹುದು.

ಮೂಡಿಗೆರೆಯಿಂದ, ಕೇಳಿದವರು:

ಎಲ್ಲರಿಗೂ ಮನಃಪೂರ್ವಕ ವಂದನೆ. ಪಟ್ಟಿ ನೋಡಿದೆ, ಹೆಸರಿರಲಿಲ್ಲ. ಕಾರ್ಡಿನ ಗುಣಲಕ್ಷಣ ನೋಡಿದರೆ ಎಕ್ಸ್‌ಫ್ಯಾಟ್. ಪಕ್ಕದ ಮನೆಯವರ ಹಳೆಯ ಫೋನಿನಲ್ಲಿದ್ದ 8 ಜಿಬಿ ಕಾರ್ಡು ಹಾಕಿದ ಕೂಡಲೇ ಬಣಕಲ್, ಕೊಟ್ಟಿಗೆಹಾರ, ಚಾರ್ಮಾಡಿಯ ತಿರುವುಗಳೆಲ್ಲ ಬಂದವು. ಈಗ ಎರಡು ಹೊಸ ಸಂದೇಹ. ನಮ್ಮ ಹುಡುಗನೊಬ್ಬ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ತಾನೇ ಸೇರಿಸಿದ ಒಂದೆರಡು ಹಳ್ಳಗಳ ಹೆಸರು ಕನ್ನಡದಲ್ಲಿದೆ, ಅವು ಉಪಕರಣದಲ್ಲಿ ಓದಲಾಗದಂತೆ ಬರುತ್ತಿವೆ. ಎರಡನೆಯದು, ಸರ್ಕಾರದ ನಕ್ಷಾ ಸಂಸ್ಥೆ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಯ ಹಾಳೆಯನ್ನು ಇದರೊಳಗೆ ಸೇರಿಸಬಹುದೇ?

ಮೈಸೂರಿನಿಂದ:

ಹೆಸರಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ. ನಿಮ್ಮ ಉಪಕರಣದಲ್ಲಿ ಕನ್ನಡದ ಅಕ್ಷರರೂಪಗಳಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶದಿಂದ ಗಾರ್ಮಿನ್ ನಕ್ಷೆ ತಯಾರಿಸುವ ಎಂಕೆಜಿಮ್ಯಾಪ್ ತಂತ್ರಾಂಶವನ್ನು ಲ್ಯಾಟಿನ್ ಲಿಪಿಗೆ ಹೊಂದಿಸಿದಾಗ ಕನ್ನಡದ ಹೆಸರನ್ನು ಅದು ಯಾಂತ್ರಿಕವಾಗಿ ಲಿಪ್ಯಂತರಿಸುತ್ತದೆ, ಫಲ ಓದುವಂತಿರುವುದಿಲ್ಲ. ಎಲ್ಲ ಲಿಪಿಗಳನ್ನೂ ಹಿಡಿಯುವ ಯೂನಿಕೋಡ್‌ನಲ್ಲೇ ತಯಾರಿಸೋಣ ಎಂದರೆ, ಅಧಿಕೃತ ಬೀಗವಿಲ್ಲದ ಯೂನಿಕೋಡ್ ನಕ್ಷೆಗಳನ್ನು ಈಚಿನ ವರ್ಷಗಳ ಫರ್ಮ್‌ವೇರ್ (ಉಪಕರಣದೊಳಗಿನ ತಂತ್ರಾಂಶ) ತಿರಸ್ಕರಿಸುತ್ತದೆ.

ಹಾಗೆಂದು ಆ ಹುಡುಗ ಬರೆದ ಕನ್ನಡ ಹೆಸರನ್ನು ದಯವಿಟ್ಟು ಅಳಿಸಬೇಡಿ. ಹಳ್ಳಕ್ಕೆ ಊರಿನವರು ಕರೆಯುವ ಹೆಸರನ್ನು ದಾಖಲಿಸಿದ್ದು ದೊಡ್ಡ ಕೆಲಸ, ಅದು ಬೇರೆಲ್ಲೂ ಸಿಗುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದೇ ಜಾಗಕ್ಕೆ ಮುಖ್ಯ ಹೆಸರು, ಕನ್ನಡದ ಹೆಸರು, ಇಂಗ್ಲಿಷ್ ಹೆಸರು ಎಂದು ಬೇರೆ ಬೇರೆ ಕೋಶಗಳಿವೆ. ಇಂಗ್ಲಿಷ್ ಕೋಶ ಖಾಲಿ ಇದ್ದರೆ ಉಚ್ಚಾರಣೆಗೆ ತಕ್ಕಂತೆ ತುಂಬಿ. ಆಮೇಲೆ ಜಿಯೋಫ್ಯಾಬ್ರಿಕ್ ತಾಣದಿಂದ ಭಾರತದ ದಕ್ಷಿಣ ವಲಯದ ದತ್ತಾಂಶ ಇಳಿಸಿ, ಸ್ಪ್ಲಿಟರ್ ಎಂಬ ತಂತ್ರಾಂಶದಿಂದ ತುಂಡುಮಾಡಿ, ಎಂಕೆಜಿಮ್ಯಾಪ್‌ಗೆ ಕೊಡುವಾಗ ಹೆಸರಿನ ಆದ್ಯತೆಯ ಪಟ್ಟಿಯಲ್ಲಿ ಇಂಗ್ಲಿಷ್ ಕೋಶವನ್ನು ಮೊದಲು, ಮುಖ್ಯ ಹೆಸರನ್ನು ನಂತರ ಇಡಿ. ಕಂಪ್ಯೂಟರಿನಲ್ಲಿ ಜಾವಾ ಇದ್ದರೆ ಸಾಕು. ಸ್ವಂತವಾಗಿ ನಕ್ಷೆ ಮಾಡುವವರು ಒಂದನ್ನು ಮರೆಯಬಾರದು: ನಕ್ಷೆಯನ್ನು ಗುರುತಿಸುವ ಕುಟುಂಬ ಸಂಖ್ಯೆಯನ್ನು (ಫ್ಯಾಮಿಲಿ ಐಡಿ) ನೀವೇ ಕೊಡದಿದ್ದರೆ ಎಂಕೆಜಿಮ್ಯಾಪ್ 6324 ಎಂದು ಹಾಕಿಕೊಳ್ಳುತ್ತದೆ, ತುಂಡುಗಳ ಸಂಖ್ಯೆಯೂ 63240001ರಿಂದಲೇ ಆರಂಭ. ಹಾಗೆ ಮಾಡಿದ ಎರಡು ನಕ್ಷೆಗಳು ಒಂದೇ ಕಾರ್ಡಿನಲ್ಲಿದ್ದರೆ ಡಿಕ್ಕಿಯಾಗಿ ಒಂದು ಮರೆಯಾಗುತ್ತದೆ, ಅಥವಾ ಒಂದರ ಬಣ್ಣ ಇನ್ನೊಂದಕ್ಕೆ ಅಂಟುತ್ತದೆ.

ಶಿರಸಿಯಿಂದ:

ಹಾಳೆಯನ್ನು ಸೇರಿಸಬಹುದು, ಕಸ್ಟಮ್ ಮ್ಯಾಪ್ಸ್ ಎಂಬ ಸೌಲಭ್ಯ ಇದಕ್ಕೇ ಇದೆ. ಸ್ಕ್ಯಾನ್ ಮಾಡಿದ ಚಿತ್ರವನ್ನು ಗೂಗಲ್ ಅರ್ಥ್‌ನಲ್ಲಿ ನೆಲದ ಮೇಲೆ ಹೊಂದಿಸಿ ಕೆಎಂಜೆಡ್ ಎಂಬ ಬಗೆಯ ಫೈಲ್ ಆಗಿ ಉಳಿಸಿ, ಉಪಕರಣದ ಗಾರ್ಮಿನ್ ಫೋಲ್ಡರಿನೊಳಗಿನ ಕಸ್ಟಮ್‌ಮ್ಯಾಪ್ಸ್ ಫೋಲ್ಡರಿಗೆ ಹಾಕುವುದು. ಇಡೀ ಹಾಳೆಯನ್ನು ಒಂದೇ ದೊಡ್ಡ ಚಿತ್ರವಾಗಿ ಕೊಟ್ಟರೆ ಮಸುಕು ಕಲೆಯಷ್ಟೇ ಕಾಣುತ್ತದೆ, ಏಕೆಂದರೆ ಒಂದು ತುಂಡಿಗೆ 1024×1024 ಪಿಕ್ಸೆಲ್ ಮಿತಿ. ತುಂಡುಗಳು ಒಟ್ಟು 100 ದಾಟದಂತೆ ನೋಡಿಕೊಳ್ಳಿ. 1:50,000 ಹಾಳೆ ಹದಿನೈದು ಮಿನಿಟು (ಕಾಲು ಡಿಗ್ರಿ) ಅಕ್ಷಾಂಶ, ಹದಿನೈದು ಮಿನಿಟು ರೇಖಾಂಶದ್ದು, ಕಾಗದದಲ್ಲಿ ಸುಮಾರು 55 ಸೆಂಟಿಮೀಟರ್. ಅಂಗುಲಕ್ಕೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಏಳು ಸಾಲು, ಏಳು ಕಂಬ, 49 ತುಂಡುಗಳಲ್ಲಿ ಮುಗಿಯುತ್ತದೆ. ಚಿತ್ರ ಜೆಪೆಗ್ ಆಗಿರಲಿ, ಅದರಲ್ಲೂ ಪ್ರೋಗ್ರೆಸಿವ್ ಅಲ್ಲದ ಸಾಮಾನ್ಯ ಬಗೆ. ಹಾಕಿದ್ದೂ ಕಾಣದಿದ್ದರೆ ಡ್ರಾಯಿಂಗ್ ಆರ್ಡರ್ (ಯಾವುದು ಯಾವುದರ ಮೇಲೆ ಬರಬೇಕೆಂದು ಹೇಳುವ ಸಂಖ್ಯೆ) ನೋಡಿ. 50 ಅಥವಾ ಮೇಲಿದ್ದರೆ ಮಾತ್ರ ಅದು ಉಳಿದ ನಕ್ಷೆಯ ಮೇಲೆ ಬರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಹಾಳೆಯ ವಯಸ್ಸು. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಬಂದ ಓಪನ್ ಸೀರೀಸ್ ಹಾಳೆಗಳು ಜಿಪಿಎಸ್ ಬಳಸುವ ಭೂಮಿಯ ಅಳತೆಯ ಮಾದರಿಯಾದ ಡಬ್ಲ್ಯುಜಿಎಸ್84 ಆಧಾರದವು, ಉಪಕರಣಕ್ಕೆ ನೇರವಾಗಿ ಹೊಂದುತ್ತವೆ. ಅದಕ್ಕೂ ಹಳೆಯ ಹಾಳೆಗಳು ಎವರೆಸ್ಟ್ ಗೋಳಾಭ ಎಂಬ ಬೇರೆಯೇ ಮಾದರಿಯ ಮೇಲೆ ರಚಿತವಾದವು. ಅಂಚಿನಲ್ಲಿ ಅಚ್ಚಾದ ಅಕ್ಷಾಂಶ ರೇಖಾಂಶವನ್ನು ಹಾಗೇ ನಂಬಿ ಕೂರಿಸಿದರೆ ಎಲ್ಲವೂ ನೂರಾರು ಮೀಟರ್ ಸರಿಯುತ್ತದೆ, ಘಟ್ಟದಲ್ಲಿ ಅಷ್ಟು ಸರಿದರೆ ದಾರಿ ಕಮರಿಯೊಳಗೆ ಹೋಗುತ್ತದೆ. ಹಳೆಯ ಹಾಳೆಯನ್ನು ಸಂಖ್ಯೆಗಳಿಂದ ಹೊಂದಿಸಬೇಡಿ; ಬದಲಾಗದ ಗುರುತುಗಳಿಂದ ಹೊಂದಿಸಿ. ಹಳೆಯ ಸೇತುವೆ, ದೇವಸ್ಥಾನ, ಬೆಟ್ಟದ ನೆತ್ತಿ ಒಳ್ಳೆಯವು. ಕೆರೆಯ ಅಂಚು, ಹಳ್ಳದ ತಿರುವು ಬೇಡ. ನಾಲ್ಕು ಮೂಲೆಗೂ ಒಂದೊಂದು ಗುರುತು ಸಿಗುವಂತೆ ಆರಿಸಿ. ಹೊಂದಿಸಿದ ಮೇಲೆ ಹಾಳೆಯ ನಡುವಿನ ಒಂದು ಸೇತುವೆಯ ಮೇಲೆ ನಿಂತು, ಉಪಕರಣದ ಬಾಣವೂ ಸೇತುವೆಯ ಮೇಲೆಯೇ ಇದೆಯೇ ಎಂದು ಪರೀಕ್ಷಿಸಿ. ಇದು ಮಕ್ಕಳ ಜೊತೆ ಹೊರಡುವ ಮುನ್ನವೇ ಆಗಬೇಕಾದ ಕೆಲಸ.